ಬೆನ್ನ ಮೇಲೆ ಗೆರೆಯಿದ್ದ ಹುಳ

ನನ್ನ ಬಾಯಿಯ ಎದುರಿನ ಎರಡು ಹಲ್ಲುಗಳಲ್ಲಿ ಎಡಗಡೆಯದ್ದು ನನ್ನದಲ್ಲ, ಮಣಿಪಾಲದಲ್ಲಿ ಕೂರಿಸಿದ್ದು. ಅಸಲು ಹಲ್ಲು ಕಾಪುವಿನ ಬೀಡಿ ಬ್ರಾಂಚಿನ ಸಿಮೆಂಟು ನೆಲದ ಮೇಲೆ ಬಿದ್ದು, ಗಲಾಟೆಯಲ್ಲಿ ಯಾರದ್ದೋ ಚಪ್ಪಲಿಗೆ ಅಂಟಿಕೊಂಡು ಹೊರಗೆ ಹೋಯಿತು. ಅದಕ್ಕೆ ಕಾರಣ ಒಂದು ಹುಳ. ಒಂದು ಸಾಸಿವೆ ಕಾಳಿನ ಪಕ್ಕದಲ್ಲಿ ಇನ್ನೊಂದು ಸಾಸಿವೆ ಕಾಳು ಇಟ್ಟರೆ ಎಷ್ಟೋ, ಅಷ್ಟೇ ಅದರ ಉದ್ದ.

ಆಗ ನನಗೆ ಹತ್ತೊಂಬತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಉಡುಪಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಅಪ್ಪನಿಗೆ ಬರೆಯುತ್ತಿದ್ದ ಪತ್ರದ ಭಾಷೆ. ಕ್ಲಾಸಿನಲ್ಲಿ ನಾನು ಬೆಂಚಿನ ಹಾಗೆ ಇದ್ದೆ, ಅಷ್ಟೆ. ನನ್ನ ಬಂಡವಾಳ ಗಂಟಲು. ಕಾಪು ಬಸ್ಸಿನ ಕಂಡಕ್ಟರನ ಕೂಗು, ಪೋಸ್ಟ್‌ಮ್ಯಾನನ ಕೆಮ್ಮು, ಇಗರ್ಜಿಯ ಪಕ್ಕದ ಬೇಕರಿಯವರು ಕೊಂಕಣಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ ಬೈಗುಳ, ಯಾವುದನ್ನು ಕೇಳಿದರೂ ಬರುತ್ತಿತ್ತು. ನಿನ್ನದೇ ಸ್ವರ ತೆಗೆ ಎಂದರೆ ಮಾತ್ರ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತಿತ್ತು.

ಅಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿದ್ದ. ಕಾಪುವಿನ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ ಎನ್ನುವ ಬಿದಿರಿನ ಮೊರ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಕತ್ತರಿ. ಬಹಳ ವರ್ಷ ಅವಳು ಕಟ್ಟಿದ ಬೀಡಿ ಬೇರೆ ಹೆಂಗಸಿನ ಕಾರ್ಡಿನಲ್ಲಿ ಹೋಗುತ್ತಿತ್ತು. ಕಂಪೆನಿಯ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಅವಳ ಬೆರಳುಗಳಿಗೆ ಕಾಪುವಿನಲ್ಲಿ ಅಧಿಕೃತವಾಗಿ ಅಸ್ತಿತ್ವವೇ ಇರಲಿಲ್ಲ. ಆಮೇಲೆ ಅವಳ ಹೆಸರಿಗೇ ಕಾರ್ಡು ಬಂತು. ಕಾರ್ಡಿಗೆ ಬೇಕೆಂದು ಉಡುಪಿಗೆ ಹೋಗಿ ತೆಗೆಸಿಕೊಂಡದ್ದು ಅವಳ ಜೀವಮಾನದ ಎರಡನೆಯ ಫೋಟೋ. ಮೊದಲನೆಯದು ಮದುವೆಯದ್ದು, ತಲೆ ತಗ್ಗಿಸಿದ್ದರಿಂದ ಅದರಲ್ಲಿ ಬೈತಲೆ ಮಾತ್ರ ಬಂದಿತ್ತು. ಕಾರ್ಡು ಇದ್ದರೆ ಕೈ ಬಿದ್ದುಹೋದ ಕಾಲಕ್ಕೆ ಏನಾದರೂ ಸಿಗುತ್ತದೆ. ಕಾರ್ಡು ಹೋದರೆ ಮತ್ತೆ ಇನ್ನೊಬ್ಬಳ ಹೆಸರಿನಲ್ಲಿ ಕಟ್ಟುವುದು. ಅದನ್ನು ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿಯ ಡಬ್ಬದೊಳಗೆ ಇಡುತ್ತಿದ್ದಳು, ಅಕ್ಕಿಯ ಕೆಳಗೆ.

ಕಂಪೆನಿ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ಪಡೆಯುತ್ತಿದ್ದ ಬ್ರಾಂಚಿನಲ್ಲಿ ಬೀಡಿ ನೋಡಿ ತೆಗೆದುಕೊಳ್ಳುವವನು ಚೆಕ್ಕರ್. ನಲವತ್ತರ ಆಸುಪಾಸು, ತೆಳ್ಳಗಿನ ಆಳು, ಬಲಗೈ ಹೆಬ್ಬೆರಳು ಹೊಗೆಸೊಪ್ಪಿನಿಂದ ಮಾಗಿದ ಗೇರುಬೀಜದ ಬಣ್ಣಕ್ಕೆ ತಿರುಗಿತ್ತು. ಅವನು ಪ್ರತಿ ಕಟ್ಟನ್ನೂ ಬಾಯಿ ಕೆಳಗೆ ಮಾಡಿ ಮೇಜಿಗೆ ಬಡಿಯುತ್ತಿದ್ದ. ಟಕ್, ಟಕ್, ಟಕ್. ಏನು ಉದುರಿತು ನೋಡುತ್ತಿದ್ದ. ಆಮೇಲೆ ಕಟ್ಟನ್ನು ಹಿಸುಕುತ್ತಿದ್ದ. ಆಮೇಲೆ ಮುರಿಯುತ್ತಿದ್ದ. ಒಂದು ಬೀಡಿ ಸಡಿಲವಿದ್ದರೆ ಪಕ್ಕದ ಐದನ್ನೂ ಸೇರಿಸಿ ಮುರಿಯುತ್ತಿದ್ದ, ಕೋಳಿಯ ಕತ್ತು ತಿರುಚುವವನ ನೆಮ್ಮದಿಯಲ್ಲಿ. ಕೋಪ ಬಂದ ದಿನ ಕಟ್ಟನ್ನು ಕಟ್ಟಿದವಳ ಮುಖಕ್ಕೇ ಎಸೆಯುತ್ತಿದ್ದ. ಒಮ್ಮೆ ಎರ್ಮಾಳಿನ ಕಡೆಯಿಂದ ನಡೆದು ಬಂದ ಒಬ್ಬ ಮುದುಕಿಯ ಇಡೀ ದಿನದ ಬೀಡಿಯನ್ನು ನೆಲಕ್ಕೆ ಸುರಿದು ಹಿಮ್ಮಡಿಯಲ್ಲಿ ಅರೆದದ್ದನ್ನು ಅಮ್ಮ ಕಂಡಿದ್ದಳು. ಆ ಮುದುಕಿ ಅಳಲಿಲ್ಲವಂತೆ, ಕುಳಿತು ನೂಲುಗಳನ್ನು ಹೆಕ್ಕಿಕೊಂಡಳಂತೆ.

ಸಂಜೆ ನಮ್ಮ ಅಂಗಳದಲ್ಲಿ ನಾಲ್ಕೈದು ಹೆಂಗಸರು ತಡ್ಪೆ ಹಿಡಿದು ಕೂರುವಾಗ ನಾನು ಚೆಕ್ಕರ್ ಆಗುತ್ತಿದ್ದೆ. ಮೂಗಿನಲ್ಲಿ ಸ್ವರ ತೆಗೆದು, “ಎಂತ ಇದು? ಬೀಡಿಯಾ, ನಿನ್ನ ಗಂಡನ ಬೆರಳಾ?” ಎಂದು ಕೇಳಿ ಮೆಟ್ಟಿಲಿಗೆ ಟಕ್ ಟಕ್ ಬಡಿಯುತ್ತಿದ್ದೆ. ಹೆಂಗಸರು ಎಲೆ ಚೆಲ್ಲಿಹೋಗುವಷ್ಟು ನಗುತ್ತಿದ್ದರು. ಅಮ್ಮ ಮಾತ್ರ ನಗುತ್ತಿರಲಿಲ್ಲ. ಆ ಸದ್ದು ಮನೆಯಲ್ಲಿಯೂ ಬೇಡ, ಬೇರೆ ಯಾರದ್ದಾದರೂ ಮಾಡು ಎನ್ನುತ್ತಿದ್ದಳು.

ಅತ್ತ ಕಾಲೇಜಿನಲ್ಲಿಯೂ ನಾವು ದಿನವಿಡೀ ಕೊಲ್ಲುವ ಕೆಲಸವನ್ನೇ ಮಾಡುತ್ತಿದ್ದೆವು. ಅಗಲ ಬಾಯಿಯ ಬಾಟಲಿಯ ತಳದಲ್ಲಿ ವಿಷ, ಅದರ ಮೇಲೆ ಗಾರೆ. ಹುಳವನ್ನು ಒಳಗೆ ಹಾಕಿ ಬಿರಟೆ ಬಿಗಿದು, ಅದು ಕಾಲು ಕೊಡವುವುದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಬೆನ್ನಿನ ಬಲಪಕ್ಕದಲ್ಲಿ ಪಿನ್ನು ಚುಚ್ಚಬೇಕು. ನಡುವೆ ಚುಚ್ಚಿದರೆ ಅಂಕ ಹೋಗುತ್ತದೆ. ಕೀಟ ಕಲಿಸುತ್ತಿದ್ದ ಮೇಷ್ಟ್ರು ತುಂಬ ಮೃದು ಸ್ವಭಾವದವರು. ಕಪ್ಪೆಯ ತಲೆಬುರುಡೆಗೆ ಸೂಜಿ ಇಳಿಸುವಾಗಲೂ “ಹೀಗೆ, ನಿಧಾನ” ಎಂದು ಮಗುವಿಗೆ ಅನ್ನ ತಿನ್ನಿಸುವವರ ದನಿಯಲ್ಲಿ ಹೇಳುತ್ತಿದ್ದರು. ಆ ದನಿ ನನಗೆ ಬಹಳ ಚೆನ್ನಾಗಿ ಬರುತ್ತಿತ್ತು.

ಒಂದು ದಿನ ಅವರು ಸಾವಿನ ಗಡಿಯಾರದ ಪಾಠ ಮಾಡಿದರು. ಚಳಿದೇಶಗಳ ಹಳೆಯ ತೊಲೆಗಳನ್ನು ಕೊರೆದು ಬದುಕುವ ಒಂದು ಜೀರುಂಡೆ; ಹೆಣ್ಣನ್ನು ಕರೆಯಲು ತಲೆಯನ್ನು ಮರಕ್ಕೆ ಟಕಟಕ ಚಚ್ಚುತ್ತದೆ. ರೋಗಿಯ ಪಕ್ಕದಲ್ಲಿ ನಿಶ್ಶಬ್ದವಾಗಿ ಕೂತವರಿಗೆ ಆ ಸದ್ದು ಕೇಳಿ, ಸಾವು ಗಂಟೆ ಎಣಿಸುತ್ತಿದೆ ಎಂದುಕೊಂಡರು, ಹಾಗಾಗಿ ಆ ಹೆಸರು. ನಾನು ಡೆಸ್ಕಿನ ಕೆಳಗೆ ಉಗುರಿನಿಂದ ಟಕಟಕ ಮಾಡಿದೆ. ಅವರು ಬೋರ್ಡಿನಿಂದ ತಿರುಗದೆಯೇ, “ಗಂಡು ಇಲ್ಲಿಯೇ ಉಂಟು. ಹೆಣ್ಣು ಬರುವುದು ಮಾತ್ರ ಅನುಮಾನ” ಎಂದರು. ಹುಡುಗಿಯರ ಬೆಂಚು ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿ ಸಂಜೆಯವರೆಗೆ ಬಿಸಿಯಿತ್ತು.

ಆ ಹುಳ ನಮ್ಮ ದೇಶದಲ್ಲಿಲ್ಲ, ಅದರ ದಾಯಾದಿಗಳು ಬೇಕಾದಷ್ಟಿದ್ದಾವೆ ಎಂದು ಅವರು ಮುಂದುವರಿಸಿದರು. ಹೊಗೆಸೊಪ್ಪು ತಿನ್ನುವುದೊಂದು. ಔಷಧಿ ಅಂಗಡಿಯ ಬೇರು, ಧನಿಯ, ಬಿಸ್ಕತ್ತು, ಪುಸ್ತಕದ ರಟ್ಟು ತಿನ್ನುವುದೊಂದು. ಕಬ್ಬಿಣ ಬಿಟ್ಟು ಬೇರೆ ಏನನ್ನೂ ಬಿಡದ ಹುಳ. ಮತ್ತೆ ಜೇಡನಂತೆ ಕಾಣುವ ಜೇಡಜೀರುಂಡೆಗಳು. ಜೇಡಜೀರುಂಡೆಯೂ ಸಾವಿನ ಗಡಿಯಾರವೂ ಒಂದೇ ಕುಟುಂಬ ಎಂದು ಕೆಲವು ಪುಸ್ತಕ, ಬೇರೆ ಬೇರೆ ಎಂದು ಕೆಲವು. “ಒಂದರಲ್ಲಿ ಕೂಡುಕುಟುಂಬ, ಇನ್ನೊಂದರಲ್ಲಿ ಪಾಲಾಗಿದೆ. ಪರೀಕ್ಷೆಗೆ ಪಾಲಾದದ್ದನ್ನು ಬರೆಯಿರಿ.” ಹೊಗೆಸೊಪ್ಪಿನದ್ದಕ್ಕೂ ಔಷಧಿ ಅಂಗಡಿಯದ್ದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು ಎಂದೂ ಆ ದಿನ ಹೇಳಿದ್ದರು. ನನ್ನ ನೋಟ್ಸಿನ ಆ ಪುಟದಲ್ಲಿ ಇದ್ದದ್ದು ಅವರ ಬೊಕ್ಕತಲೆಯ ಚಿತ್ರ.

ಡೆಸ್ಕು ಕುಟ್ಟಿದ್ದಕ್ಕೆ ಶಿಕ್ಷೆಯೋ ಬಹುಮಾನವೋ, ಮಳೆಗಾಲದ ಪ್ರಾಜೆಕ್ಟಿಗೆ ಅವರು ನನಗೆ ಆ ಔಷಧಿ ಅಂಗಡಿಯ ಹುಳಗಳನ್ನೇ ಕೊಟ್ಟರು. ಧನಿಯ ತುಂಬಿದ ಬಿಸ್ಕತ್ತಿನ ಡಬ್ಬಿ, ಬಾಯಿಗೆ ಬಿಗಿದ ತೆಳು ಬಟ್ಟೆ, ಒಳಗೆ ಹದಿನೈದು ಇಪ್ಪತ್ತು ಕಂದು ಚುಕ್ಕಿಗಳು. ಮೊಟ್ಟೆಯಿಂದ ಹುಳವಾಗುವವರೆಗೆ ನೋಡಿ ಬರೆಯಬೇಕು. ಬೆಚ್ಚಗೆ, ಒಣಗಿದ ಜಾಗದಲ್ಲಿಡು ಎಂದರು. ಕಾಪುವಿನಲ್ಲಿ ಜುಲೈ ತಿಂಗಳಲ್ಲಿ ಒಣಗಿದ ಜಾಗ ಎಂದರೆ ಪ್ರತಿ ಮನೆಯಲ್ಲೂ ಒಂದೇ: ಒಲೆಯ ಮೇಲಿನ ಅಟ್ಟ. ಬೀಡಿ ಕಟ್ಟುವ ಮನೆಗಳಲ್ಲಿ ಹೊಗೆಸೊಪ್ಪು ಬೂಸ್ಟು ಹಿಡಿಯದಿರಲಿ ಎಂದು ಇಡುವುದೂ, ಕಟ್ಟಿದ ಬೀಡಿ ಮಡಗುವುದೂ ಅಲ್ಲಿಯೇ. ನಾನು ಡಬ್ಬಿಯನ್ನು ಅಮ್ಮನ ಹೊಗೆಸೊಪ್ಪಿನ ತಗಡಿನ ಪಕ್ಕದಲ್ಲಿಟ್ಟೆ. ಇಟ್ಟು ಮರೆತೆ. ಪ್ರಾಜೆಕ್ಟಿನ ಪುಸ್ತಕದಲ್ಲಿ ಮಾತ್ರ ದಿನಾ ಹುಳ ನೋಡಿದ ಹಾಗೆ ಬರೆಯುತ್ತಿದ್ದೆ. ನಕಲಿ ಮಾಡುವುದು ಸ್ವರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಅಮ್ಮ ಬ್ರಾಂಚಿನಿಂದ ಬರಿಗೈಯಲ್ಲಿ ಬಂದಳು. ಕೆನ್ನೆಯ ಮೇಲೆ ಒಂದು ಗೀರು. ಚೆಕ್ಕರ್ ಅವಳ ಕಟ್ಟನ್ನು ಮೇಜಿಗೆ ಬಡಿದಾಗ ಹುಳ ಉದುರಿತಂತೆ. ಇನ್ನೊಂದನ್ನು ಬಡಿದ, ಇನ್ನೆರಡು. ಬೀಡಿಗಳಲ್ಲಿ ಸೂಜಿ ಚುಚ್ಚಿದಂತೆ ತೂತು. ಅವನು ಎಲ್ಲವನ್ನೂ ಮುರಿದು ಬುಟ್ಟಿಗೆ ಹಾಕಿ, ಕೊನೆಯ ಕಟ್ಟನ್ನು ಮುಖಕ್ಕೆ ಎಸೆದ. ಇದು ನಮ್ಮ ಹೊಗೆಸೊಪ್ಪಿನ ಹುಳ ಅಲ್ಲ, ನಿನ್ನ ಮನೆಯದ್ದು, ಮನೆ ಅಂದರೆ ಮನೆಯ ಹಾಗೆ ಇರಬೇಕು ಎಂದ. ಶನಿವಾರ ಕಾರ್ಕಳದಿಂದ ದೊಡ್ಡವರು ಬರುತ್ತಾರೆ, ಹುಳ ಮನೆಯದ್ದು ಎಂದಾದರೆ ಕಾರ್ಡು ರದ್ದು ಎಂದ. ದೊಡ್ಡವರು ಎಂದರೆ ಕಂಪೆನಿಯ ಕಾರ್ಕಳದ ಗೋದಾಮು ನೋಡಿಕೊಳ್ಳುವವರು. ಈ ಕಡೆಯ ಬ್ರಾಂಚುಗಳೆಲ್ಲ ಅವರ ಕೈಕೆಳಗೆ.

ಅಮ್ಮ ಅಕ್ಕಿಯ ಡಬ್ಬದಿಂದ ಕಾರ್ಡು ತೆಗೆದು, ಒರೆಸಿ, ಮತ್ತೆ ಅಕ್ಕಿಯ ಕೆಳಗೇ ಇಟ್ಟಳು. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಒಂದು ಹುಳವನ್ನು ನನ್ನ ಮುಂದೆ ಬಿಚ್ಚಿದಳು. “ನೀನು ಇದನ್ನೇ ಕಲಿಯುವುದು ಅಲ್ವಾ? ನೋಡಿ ಹೇಳು.”

ಇಡೀ ವಿದ್ಯಾಭ್ಯಾಸದಲ್ಲಿ ನನ್ನ ವಿದ್ಯೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಕೈಲೆನ್ಸು ಹಿಡಿದೆ. ಹುಳ ಕಾಲು ಮಡಚಿ ಸತ್ತ ಹಾಗೆ ನಟಿಸುತ್ತಿತ್ತು; ಒಬ್ಬ ನಕಲಿಯನ್ನು ಇನ್ನೊಬ್ಬ ನಕಲಿ ಕಂಡುಹಿಡಿಯಬೇಕಿತ್ತು. ಮೈ ತುಂಬ ಹೊಗೆಸೊಪ್ಪಿನ ಪುಡಿ. ಗೂನುಬೆನ್ನು, ತಲೆ ಟೊಪ್ಪಿಯೊಳಗೆ ಅಡಗಿದಂತೆ ಕೆಳಗೆ. ನನಗೆ ನೆನಪಿದ್ದದ್ದು ಅಷ್ಟೇ: ಹೊಗೆಸೊಪ್ಪಿನದ್ದಕ್ಕೆ ಗೂನು, ತಲೆ ಕಾಣುವುದಿಲ್ಲ. ಅಕ್ಕಿಯ ಹುಳಕ್ಕಾದರೆ ಸೊಂಡಿಲು ಇರಬೇಕಿತ್ತು, ಇದಕ್ಕಿಲ್ಲ. ಆಗಿಹೋಯಿತು. ಕಂಪೆನಿಯ ಹೊಗೆಸೊಪ್ಪಿನಲ್ಲೇ ಬಂದದ್ದು, ಚೆಕ್ಕರ್ ಸುಳ್ಳ ಎಂದು ತೀರ್ಪು ಕೊಟ್ಟೆ. ಅಟ್ಟದ ಮೇಲಿನ ಡಬ್ಬಿ ನೆನಪಿಗೇ ಬರಲಿಲ್ಲ. ಬಂದಿದ್ದರೆ ನನಗೆ ಎರಡೂ ಹಲ್ಲು ಉಳಿಯುತ್ತಿತ್ತು.

ಮರುದಿನ, ಬುಧವಾರ, ಹೆಂಗಸರೆಲ್ಲ ಬೀಡಿ ಕೊಡುವ ಹೊತ್ತಿಗೆ ನಾನು ಬ್ರಾಂಚಿಗೆ ಹೋದೆ. ಮೇಷ್ಟ್ರ ಅನ್ನ ತಿನ್ನಿಸುವ ದನಿಯಲ್ಲಿ, ಹೀಗೆ, ನಿಧಾನ ಎನ್ನುತ್ತ, ಹುಳದ ಕುಟುಂಬ, ಗೂನು, ತಲೆ ಎಲ್ಲ ವಿವರಿಸಿದೆ. ಹೆಂಗಸರು ಕಿಸಿಕಿಸಿ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಗು ಕೇಳಿದ ಮೇಲೆ ನಿಲ್ಲಿಸುವ ಶಕ್ತಿ ನನಗೆ ಹುಟ್ಟಿನಿಂದ ಇಲ್ಲ. ನಾನು ಮೇಜಿನಿಂದ ಒಂದು ಕಟ್ಟು ಎತ್ತಿ, ಟಕ್ ಟಕ್ ಬಡಿದು, ಅವನದೇ ಮೂಗಿನ ಸ್ವರದಲ್ಲಿ, “ಎಂತ ಇದು? ಚೆಕ್ಕರಾ, ಹೊಗೆಸೊಪ್ಪಿನ ಹುಳವಾ?” ಎಂದೆ.

ಅವನ ಮುಷ್ಟಿ ಬಂದದ್ದು ನನಗೆ ಕಾಣಲಿಲ್ಲ. ಕಂಡದ್ದು ನೆಲ. ಬಾಯಿಯಲ್ಲಿ ಉಪ್ಪು, ನಾಲಿಗೆಯ ತುದಿಗೆ ಹೊಸದೊಂದು ಕಿಟಕಿ. ಅವನು ನನ್ನ ಮೇಲೆ ಕೂತು ಎರಡನೆಯದ್ದು, ಮೂರನೆಯದ್ದು ಕೊಟ್ಟ. ಅಷ್ಟರಲ್ಲಿ ತಡ್ಪೆಗಳು ಬಂದವು. ಬಿದಿರಿನ ತಡ್ಪೆಯ ಅಂಚು ತಲೆಗೆ ಬಿದ್ದರೆ ಹೇಗಿರುತ್ತದೆ ಎಂದು ಕಾಪುವಿನ ಗಂಡಸರಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮುರಿದ ಬೀಡಿ, ಮುಖಕ್ಕೆ ಬಿದ್ದ ಕಟ್ಟು, ಹಿಮ್ಮಡಿಯಲ್ಲಿ ಅರೆದದ್ದು, ಎಲ್ಲವೂ ಒಟ್ಟಿಗೆ ಅವನ ಮೇಲೆ ಬಿತ್ತು. ಅವನ ಅಂಗಿಯ ತೋಳು ಹರಿದು ಬಂತು. ಯಾರೋ ಅವನ ಕೂದಲು ಹಿಡಿದು ತಲೆಯನ್ನು ಮೇಜಿನ ಕಾಲಿಗೆ ಬಡಿದರು. ನಾನು ಕೆಳಗಿನಿಂದ ನೋಡುತ್ತಿದ್ದೆ. ಕೈಯಲ್ಲಿ ಕತ್ತರಿ ಹಿಡಿದವಳು ಅಮ್ಮ. ಅವಳು ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಸಲ ಇಳಿಸಿದಳು. ಅವನ ಹುಬ್ಬು ಹರಿದು ಕಣ್ಣು ರಕ್ತದಲ್ಲಿ ಮುಚ್ಚಿತು. ಆಮೇಲೆ ಯಾರೂ ಹೊಡೆಯಲಿಲ್ಲ. ಮುರಿದ ಬೀಡಿಯ ಬುಟ್ಟಿ ಬೋರಲಾಗಿ ಬಿದ್ದಿತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ನನ್ನ ತುಟಿಗೆ ಹೊಲಿಗೆ ಹಾಕಿದ ಹುಡುಗ ನನಗಿಂತ ಸ್ವಲ್ಪ ದೊಡ್ಡವನು, ಉತ್ತರದ ಕಡೆಯವನು. ಹೇಗಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದ. ಹುಳದಿಂದ ಎಂದೆ. ಅವನು ಕಾಗದದಲ್ಲಿ ಏನು ಬರೆದನೋ ಗೊತ್ತಿಲ್ಲ. ಹಲ್ಲಿಲ್ಲದೆ ನನ್ನ ಬಾಯಿಯಿಂದ ಎಲ್ಲರ ಸ್ವರವೂ ಒಂದೇ ರೀತಿ, ಗಾಳಿ ಬಿಟ್ಟ ಸೈಕಲಿನ ಹಾಗೆ ಬರುತ್ತಿತ್ತು.

ಮಣಿಪಾಲದಿಂದ ಹಿಂದೆ ಬರುವಾಗ ಗರ್ವದಿಂದಲೇ ಉಡುಪಿಯಲ್ಲಿ ಇಳಿದು ಕಾಲೇಜಿಗೆ ಹೋದೆ. ಆ ಹುಳವನ್ನು ಮೇಷ್ಟ್ರಿಗೆ ತೋರಿಸಿ, ದೊಡ್ಡವರ ಮುಂದೆ ಇಡಲು ಒಂದು ಚೀಟಿ ಬರೆಸಿಕೊಳ್ಳುವುದು ನನ್ನ ಯೋಜನೆ. ಮೇಷ್ಟ್ರು ಊಟಕ್ಕೆ ಹೋಗಿದ್ದರು. ನಾನೇ ಹುಳವನ್ನು ಸ್ಪಿರಿಟ್ಟಿನಲ್ಲಿ ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗೋಡೆಯ ಪಟದ ಪಕ್ಕದಲ್ಲಿ ನಿಂತು ಹೋಲಿಸಿದೆ. ಪುಡಿ ಹೋದ ಮೇಲೆ ರೆಕ್ಕೆಯ ಚಿಪ್ಪಿನ ಮೇಲೆ ಸಾಲು ಸಾಲು ಗೆರೆಗಳು ಎದ್ದವು, ಬಾಚಿದ ತಲೆಯ ಹಾಗೆ. ಮೀಸೆಯ ತುದಿಯಲ್ಲಿ ಮೂರು ಉದ್ದ ಗಂಟುಗಳು. ಪಟದಲ್ಲಿ ಹೊಗೆಸೊಪ್ಪಿನ ಹುಳದ ಬೆನ್ನು ನುಣುಪು, ಗೆರೆಯಿಲ್ಲ. ಮೀಸೆ ಗರಗಸದ ಹಾಗೆ. ಗೆರೆಯಿದ್ದದ್ದು ಔಷಧಿ ಅಂಗಡಿಯದ್ದು. ನನ್ನ ಡಬ್ಬಿಯದ್ದು.

ಮನೆಗೆ ಬಂದು ಅಟ್ಟ ಹತ್ತಿದೆ. ಡಬ್ಬಿಯ ಬಾಯಿಯ ಬಟ್ಟೆಯಲ್ಲಿ ಬೀಡಿಯಲ್ಲಿದ್ದಂಥದ್ದೇ ತೂತುಗಳು, ಜರಡಿಯ ಹಾಗೆ. ಒಳಗೆ ಧನಿಯ ಹಿಟ್ಟಾಗಿತ್ತು. ಪಕ್ಕದ ತಗಡಿನಲ್ಲಿ ಅಮ್ಮನ ಹೊಗೆಸೊಪ್ಪು ಮೆಲ್ಲಗೆ ಅಲುಗುತ್ತಿತ್ತು. ಚೆಕ್ಕರ್ ಹೇಳಿದ್ದು ಅಕ್ಷರಶಃ ಸರಿ: ಹುಳ ಮನೆಯದ್ದು. ನಾನು ಡಬ್ಬಿಯನ್ನು ಹಳೆಯ ಗೋಣಿಯ ಹಿಂದೆ ತಳ್ಳಿ ಕೆಳಗಿಳಿದೆ. ಯಾರಿಗೂ ಹೇಳಲಿಲ್ಲ.

ಶನಿವಾರ ದೊಡ್ಡವರು ಬಂದರು. ದಪ್ಪ ಮನುಷ್ಯ, ಕೊಡೆಯನ್ನು ಮೇಜಿನ ಮೇಲೆಯೇ ಇಟ್ಟು ಕೂತರು. ಒಂದು ಪಕ್ಕದಲ್ಲಿ ಚೆಕ್ಕರ್, ಹುಬ್ಬಿನ ಮೇಲೆ ಪಟ್ಟಿ, ಕಣ್ಣು ನೇರಳೆಹಣ್ಣು. ಇನ್ನೊಂದು ಪಕ್ಕದಲ್ಲಿ ನಾನು, ತುಟಿ ಇಡ್ಲಿ. ಹಿಂದೆ ಹೆಂಗಸರು, ಎಲ್ಲರ ಕೈಯಲ್ಲೂ ತಡ್ಪೆ, ಆ ದಿನ ಕೊಡಲು ಬೀಡಿ ಇಲ್ಲದಿದ್ದವರ ಕೈಯಲ್ಲೂ. ಅಮ್ಮ ಕಾರ್ಡನ್ನು ಎರಡೂ ಕೈಗಳಲ್ಲಿ ಹಿಡಿದಿದ್ದಳು.

ದೊಡ್ಡವರು ಹುಳ ತರಿಸಿದರು. ಚೆಕ್ಕರ್ ಅಮ್ಮನ ಮುಖಕ್ಕೆ ಎಸೆದಿದ್ದ ಕೊನೆಯ ಕಟ್ಟನ್ನು ಸಾಕ್ಷಿಗೆಂದು ಮುರಿಯದೆ ಉಳಿಸಿಕೊಂಡಿದ್ದ. ಟಕ್, ಟಕ್, ಟಕ್. ಬಿಳಿ ಕಾಗದದ ಮೇಲೆ ಒಂದು ಬಿತ್ತು. ಅವನು ಅದನ್ನು ಆ ಕಂದು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದ, ಪುಡಿ ಹೋಗುವ ಹಾಗೆ. “ಬೆನ್ನಿನಲ್ಲಿ ಗೆರೆ ಉಂಟು, ನೋಡಿ. ನಮ್ಮ ಹೊಗೆಸೊಪ್ಪಿನದ್ದಕ್ಕೆ ಗೆರೆ ಇರುವುದಿಲ್ಲ” ಎಂದ.

ಯಾವ ಪಟವೂ ಇಲ್ಲದೆ, ಲೆನ್ಸೂ ಇಲ್ಲದೆ ಅವನು ಅದನ್ನು ಹೇಳಿದ್ದ.

ದೊಡ್ಡವರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಅವರಿಗೆ ಗೆರೆಯಿರಲಿ, ಹುಳವೇ ಕಂಡಿತೋ ಇಲ್ಲವೋ. ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿ, “ನೀನು ಓದಿದವನು ಅಲ್ವಾ? ಹೇಳು, ಯಾವುದು?” ಎಂದರು.

ಲೆನ್ಸಿನಲ್ಲಿ ಗೆರೆಗಳು ಚೆನ್ನಾಗಿ ಕಾಣುತ್ತಿದ್ದವು. ಅಮ್ಮನ ಕೈಯ ಕಾರ್ಡೂ ಕಣ್ಣಿನ ತುದಿಗೆ ಕಾಣುತ್ತಿತ್ತು. ನಾನು ಹೊಗೆಸೊಪ್ಪಿನ ಹುಳದ ಲ್ಯಾಟಿನ್ ಹೆಸರು ಹೇಳಿದೆ. ಹಲ್ಲಿಲ್ಲದ ಬಾಯಿಯಲ್ಲಿ ಅರ್ಧ ಗಾಳಿ, ಅರ್ಧ ಲ್ಯಾಟಿನ್. ಗೆರೆಯಲ್ಲ, ಅದು ಪುಡಿ ಅಂಟಿದ್ದು ಎಂದೂ ಸೇರಿಸಿದೆ. ಚೆಕ್ಕರ್ ಏನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ಹೆಂಗಸರು ಒಬ್ಬೊಬ್ಬರಾಗಿ ಶುರುಮಾಡಿದರು: ಇವನು ಇಂಥ ದಿನ ಒಳ್ಳೆಯ ಬೀಡಿ ಮುರಿದ, ಇಂಥ ದಿನ ಮುಖಕ್ಕೆ ಎಸೆದ, ಆ ಮುದುಕಿಯದ್ದು ಅರೆದ. ಅವನು ಸುಳ್ಳೇ ಮುರಿದದ್ದಕ್ಕೆ ನೂರು ಸಾಕ್ಷಿ ಇತ್ತು. ಈ ಒಂದು ಸಲ ನಿಜ ಹೇಳಿದ್ದಕ್ಕೆ ಇದ್ದ ಒಬ್ಬನೇ ಸಾಕ್ಷಿ ನಾನು. ದೊಡ್ಡವರು ಕೊಡೆ ಎತ್ತಿಕೊಂಡರು. ಅವನು ಸೋಮವಾರದಿಂದ ಕಾರ್ಕಳದ ಗೋದಾಮಿಗೆ, ಜರಡಿ ಹಿಡಿಯಲು ಬರಬೇಕು ಎಂದರು. ಕಾರ್ಡು ಇರಲಿ.

ಹೆಂಗಸರು ನನ್ನನ್ನು ಮನೆಯವರೆಗೆ ಮೆರವಣಿಗೆಯಂತೆ ಕರೆತಂದರು. ಅಮ್ಮ ಒಳಗೆ ಹೋಗಿ ಕಾರ್ಡನ್ನು ಅಕ್ಕಿಯಲ್ಲಿ ಇಟ್ಟು, ಹೊಗೆಸೊಪ್ಪು ತೆಗೆಯಲು ಅಟ್ಟ ಹತ್ತಿದಳು. ಇಳಿದಾಗ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

ಅವಳು ಡಬ್ಬಿಯ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಸೀಮೆಎಣ್ಣೆ ಸುರಿದು, ಡಬ್ಬಿಯನ್ನೂ ತಗಡಿನ ಹೊಗೆಸೊಪ್ಪನ್ನೂ ಒಲೆಗೆ ಹಾಕಿದಳು. ಹುಳಗಳು ಎಳ್ಳು ಸಿಡಿದ ಹಾಗೆ ಸಿಡಿದವು. ಮನೆಯೆಲ್ಲ ಘಾಟು, ನಾವಿಬ್ಬರೂ ಕೆಮ್ಮುತ್ತ ನಿಂತೆವು.

“ಗೆರೆ ಇತ್ತಾ?” ಎಂದಳು.

“ಇತ್ತು.”

ಅವಳು ಹೊಡೆಯುತ್ತಾಳೆ ಎಂದುಕೊಂಡು ತುಟಿಗೆ ಕೈ ಅಡ್ಡ ಹಿಡಿದೆ. ಹೊಡೆಯಲಿಲ್ಲ. ಕತ್ತರಿಯನ್ನು ತೆಗೆದುಕೊಂಡು ಬೂದಿ ಹಾಕಿ ತಿಕ್ಕತೊಡಗಿದಳು. ಬುಧವಾರದಿಂದ ದಿನಾ ತಿಕ್ಕುತ್ತಿದ್ದಳು, ಆಗ ನನಗೆ ಗಮನಕ್ಕೆ ಬಂದಿರಲಿಲ್ಲ.

“ಅವನ ಕಣ್ಣು ಹೋಗುತ್ತಿತ್ತು ಮಾರಾಯ. ಹೊಡೆದದ್ದು ನಾನು. ಹೋಗಿ ಅವನಿಗೆ ನಿಜ ಹೇಳಿ ಬಾ.”

ಕಾರ್ಡು ಹೋಗುತ್ತದೆ ಎಂದೆ.

“ಕಾರ್ಡು ನನ್ನದು. ಹೋದರೆ ನನ್ನದು ಹೋಗುತ್ತದೆ. ನಿನಗೆ ಎಂತ?”

ಸೋಮವಾರ ಕಾರ್ಕಳಕ್ಕೆ ಹೋದೆ. ಗೋದಾಮು ಪೇಟೆಯಿಂದ ಸ್ವಲ್ಪ ಆಚೆ. ಹತ್ತಿರದ ಕ್ವಾರಿಯಲ್ಲಿ ಬಂಡೆ ಸಿಡಿಸಿದಾಗಲೆಲ್ಲ ಅದರ ಹಂಚುಗಳು ನಡುಗುತ್ತಿದ್ದವು. ಒಳಗೆ ಮಾಡಿನವರೆಗೆ ಮೂಟೆ, ಕಣ್ಣಿಗೆ ಮೆಣಸು ಹಾಕಿದಂಥ ಗಾಳಿ. ಚೆಕ್ಕರ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಆಡಿಸುತ್ತಿದ್ದ. ನನ್ನನ್ನು ಕಂಡು ಜರಡಿ ನಿಲ್ಲಿಸಿದ. ನಾನು ಯಾರ ಸ್ವರವನ್ನೂ ತೆಗೆಯದೆ, ಡಬ್ಬಿಯ ಕಥೆ ಪೂರ್ತಿ ಹೇಳಿದೆ. ಅವನು ಕೊನೆಯವರೆಗೆ ಕೇಳಿ, ನೆಲದಿಂದ ಏನನ್ನೋ ಹೆಕ್ಕಿ, ಜೇಬಿನ ಕಾಗದದಿಂದ ಇನ್ನೊಂದನ್ನು ತೆಗೆದು ಸೇರಿಸಿ, ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದ. ಮೂರು ಹುಳ.

“ನಾನು ನಾಲ್ಕನೇ ಕ್ಲಾಸು. ನೀನು ಹೇಳು. ಇದು ಯಾವುದು?”

ನುಣುಪು ಬೆನ್ನು. ಹೊಗೆಸೊಪ್ಪಿನದ್ದು ಎಂದೆ. ಕೆನ್ನೆಗೆ ಬಿತ್ತು. ಹೊಲಿಗೆ ಬಿಚ್ಚಿತೋ ಎಂದುಕೊಂಡೆ.

“ಸರಿ ಹೇಳಿದೆನಲ್ಲ?”

“ಸರಿಯೇ. ಈ ಪೆಟ್ಟು ಶನಿವಾರದ್ದು. ಈಗ ಇದು?”

ಗೆರೆಯಿದ್ದದ್ದು. ನಮ್ಮ ಮನೆಯದ್ದು ಎಂದೆ. ಅದಕ್ಕೆ ಹೊಡೆಯಲಿಲ್ಲ. ಅವನ ಹುಬ್ಬಿನ ಪಟ್ಟಿಯ ಕೆಳಗೆ ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ; ತಲೆ ಓರೆ ಮಾಡಿ ನೋಡುತ್ತಿದ್ದ. ಮೂರನೆಯದ್ದು ಗುಂಡು ಹೊಟ್ಟೆ, ಉದ್ದುದ್ದ ಕಾಲು. ಜೇಡ ಎಂದೆ. ಇನ್ನೊಂದು ಕೆನ್ನೆಗೂ ಬಿತ್ತು.

“ಕಾಲು ಎಣಿಸು.”

ಕಣ್ಣಲ್ಲಿ ನೀರು ತುಂಬಿತ್ತು, ಎರಡು ಸಲ ಎಣಿಸಬೇಕಾಯಿತು. ಆರು. ಜೇಡಜೀರುಂಡೆ. ಮೇಷ್ಟ್ರ ಪರೀಕ್ಷೆಯಲ್ಲಿ ಅದೇ ವರ್ಷ ಅದೇ ಪ್ರಶ್ನೆ ಬಂತು. ನಾನು ಪೂರ್ತಿ ಅಂಕ ತೆಗೆದ ಪ್ರಶ್ನೆ ಅದೊಂದೇ.

ಅವನು ನನ್ನ ತೋಳು ಹಿಡಿದು ಎದುರಿನ ಕೋಣೆಗೆ ಎಳೆದುಕೊಂಡು ಹೋದ. ದೊಡ್ಡವರು ಅಲ್ಲಿ ಚಹಾ ಕುಡಿಯುತ್ತಿದ್ದರು. ಇವರಿಗೆ ಹೇಳು ಎಂದ. ನಾನು ಮತ್ತೆ ಮೊದಲಿನಿಂದ ಹೇಳಿದೆ: ಡಬ್ಬಿ, ಅಟ್ಟ, ಗೆರೆ. ಅಮ್ಮನ ಕಾರ್ಡಿನ ಮೇಲೆ ನಾನೇ ನಡೆಯುತ್ತಿದ್ದ ಹಾಗೆ ಅನಿಸುತ್ತಿತ್ತು. ದೊಡ್ಡವರು ಚಹಾ ಮುಗಿಸಿ ಬಾಯಿ ಒರೆಸಿಕೊಂಡರು.

“ಹುಳ ಯಾರದ್ದಾದರೆ ಎಂತ? ಆ ಹೆಂಗಸರು ಮತ್ತೆ ಕತ್ತರಿ ಹಿಡಿದುಕೊಂಡು ಬರಬೇಕಾ? ಕಾರ್ಡು ಇರಲಿ. ಇವನು ಇಲ್ಲಿಯೇ ಇರಲಿ, ಜರಡಿಗೆ ಇವನ ಕೈ ಒಳ್ಳೆಯದುಂಟು.”

ನಾವಿಬ್ಬರೂ ಹೊರಗೆ ಬಂದೆವು. ಚೆಕ್ಕರ್ ಬಾಗಿಲ ಬಳಿಯ ಮೂಟೆಗೆ ಒದ್ದ. ಮತ್ತೆ ಒದ್ದ. ಗೋಣಿ ಹರಿದು ಹೊಗೆಸೊಪ್ಪು ಸುರಿಯುವವರೆಗೆ ಒದ್ದ. ನಾನು ಕೆನ್ನೆ ಮುಂದೆ ಮಾಡಿ ನಿಂತಿದ್ದೆ. ನಿಜವಾಗಿಯೂ ಒಂದು ಬೇಕಿತ್ತು. ಅವನು ನನ್ನ ಕಡೆ ನೋಡಲಿಲ್ಲ. ಕುಳಿತು, ಚೆಲ್ಲಿದ್ದನ್ನು ಎರಡೂ ಕೈಗಳಿಂದ ಬಾಚಿ ಜರಡಿಗೆ ತುಂಬಿಕೊಂಡ.

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಹೊಸ ಹೊಗೆಸೊಪ್ಪು ಹ‌ರಡಿಕೊಂಡು ಕೂತಿದ್ದಳು. ಹೇಳಿದ್ದೆಲ್ಲವನ್ನೂ ಹೇಳಿದೆ. ಕಾರ್ಡು ಉಂಟು ಎಂದೆ. ಅವನು ಎಲ್ಲಿ ಎಂದು ಕೇಳಿದಳು. ಅಲ್ಲಿಯೇ ಎಂದೆ. ಅವಳು ಕಟ್ಟಿ ಮುಗಿಸಿದ ಒಂದು ಕಟ್ಟನ್ನು ಬಾಯಿ ಕೆಳಗೆ ಮಾಡಿ, ಜಗಲಿಯ ಅಂಚಿಗೆ ಬಡಿದಳು. ಟಕ್, ಟಕ್, ಟಕ್. ಏನೂ ಬೀಳಲಿಲ್ಲ. ಒಂದು ಬೀಡಿ ಸ್ವಲ್ಪ ಸಡಿಲವಿತ್ತೋ ಏನೋ, ಅದನ್ನು ಎಳೆದು ಮುರಿದಳು. ಪಕ್ಕದ ಐದನ್ನು ಮುಟ್ಟಲಿಲ್ಲ. ಮುಂದಿನ ಕಟ್ಟನ್ನು ಎತ್ತಿಕೊಂಡಳು.